ಹೆಣ್ಣುಮಗುವಿಗೆ ತುಂಗೆಯ ಹೆಸರು

ಮಂಡಗದ್ದೆಯ ಕಡೆಯ ಮನೆಯೊಂದರಲ್ಲಿ ಹೆಣ್ಣುಶಿಶುವಿನ ನಾಮಕರಣಕ್ಕೆ ತುಂಗಾ, ಆದ್ಯಾ ಎಂಬೆರಡು ಹೆಸರುಗಳು ಉಳಿದಿರುವಾಗ, ಅಜ್ಜಿಯ ಕಾಲದ್ದೆಂಬ ಒಂದೇ ಕಾರಣಕ್ಕೆ ಮೊದಲನೆಯದನ್ನು ತ್ಯಜಿಸುವುದು ನನಗೆ ಅಸಮಂಜಸವಾಗಿ ತೋರುತ್ತದೆ. ಗಂಗಾಮೂಲದಲ್ಲಿ ಜನಿಸಿ, ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ಇಲ್ಲಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದ ಬೆಳ್ಳಕ್ಕಿಗಳಿಗೆ ಗೂಡುಕಟ್ಟಲು ಆಶ್ರಯವಿತ್ತು, ಕೂಡಲಿಯಲ್ಲಿ ಭದ್ರೆಯೊಡನೆ ಸಂಗಮಿಸುವ ಈ ನದಿಯ ನಾಮಧೇಯವು ಮಗುವಿಗೆ ತನ್ನ ನೆಲದ ನಿತ್ಯಪರಿಚಯವಲ್ಲವೆ? ನವೀನತೆಯನ್ನು ನಾನು ನಿರಾಕರಿಸುವವನಲ್ಲ. ಇದೇ ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಪುತ್ರಿಯರ ಹೆಸರುಗಳಾದ ಇಂದುಕಲಾ, ತಾರಿಣಿ ಎಂಬವು ಇಂದಿಗೂ ಹೊಚ್ಚಹೊಸತಾಗಿಯೇ ಕೇಳಿಸುತ್ತವೆ. ಆದರೆ ನೆರೆಮನೆಯ ಅನುಕರಣದಿಂದ ಬಂದ ಹೊಸತನಕ್ಕೆ ಅಂಥ ಆಯುಷ್ಯವಿರದು. ತ್ವರೆಗೂ ಕಾರಣವಿಲ್ಲ: 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಬಹುದು. ತೊಟ್ಟಿಲ ಬಳಿ ಎರಡನ್ನೂ ಕೆಲದಿನ ಕರೆದು ನೋಡಿ, ಅಜ್ಜಿಯ ಮಾತನ್ನೂ ಕೇಳಿ, ಅನಂತರವೇ ಬರೆಸಲಿ.