ಹೊಟ್ಟೆ ಕೊಯ್ಯೋಕೆ ಎರಡು ತಾಸು, ಆಮೇಲಿನ ಬದುಕಿಗೆ ಯಾರು?

ಹೋದ ವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರದ ಸುದ್ದಿ ಕೇಳುತ್ತ ನಿಂತಿದ್ದೆ. ಪರಿಚಯದ ದಲಾಲಿ ಕಾಕಾ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು: "ಏನೋ ತಮ್ಮಾ, ಲಕ್ಷಗಟ್ಟಲೆ ರೊಕ್ಕ ಕೊಟ್ಟು ಹೊಟ್ಟಿ ಕೊಯ್ಸಿಕೊಂಡ್ಯಂತಲ್ಲ? ದಿನಾ ಎರಡು ರೊಟ್ಟಿ ಕಮ್ಮಿ ತಿಂದಿದ್ರ ಪುಕ್ಕಟೆ ಆಗ್ತಿತ್ತು."

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಮೂರು ವರ್ಷದಿಂದ ಇದನ್ನು ಕೇಳಿ ಕೇಳಿ ರೂಢಿಯಾಗಿದೆ.

ಅದೇ ಸಂಜೆ ಬಸ್ ನಿಲ್ದಾಣದ ಎದುರು ಒಂದು ದೊಡ್ಡ ಫಲಕ ಕಂಡಿತು. ಎಡಕ್ಕೆ ದಪ್ಪ ಮನುಷ್ಯ, ಬಲಕ್ಕೆ ಅದೇ ಮನುಷ್ಯ ತೆಳ್ಳಗೆ. ಕೆಳಗೆ: ಒಂದೇ ಆಪರೇಷನ್, ಹೊಸ ಬದುಕು, ಸುಲಭ ಕಂತು.

ಕಾಕಾ ನನ್ನನ್ನು ಬೈದರು, ಫಲಕ ನನ್ನನ್ನು ಕರೆಯಿತು. ಆದರೆ ಇಬ್ಬರದೂ ಒಂದೇ ತಪ್ಪು. ಆಪರೇಷನ್ ಆದರೆ ಕೆಲಸ ಮುಗಿಯಿತು ಎಂದು ಇಬ್ಬರೂ ತಿಳಿದಿದ್ದಾರೆ. ಮುಗಿಯುವುದಿಲ್ಲ. ಅಲ್ಲಿಂದಲೇ ಶುರು. ಆ ಶುರುವಾದ ಮೇಲೆ ಹಳ್ಳಿಯವರ ಜೊತೆ ಯಾರೂ ಇರುವುದಿಲ್ಲ ಎಂಬುದೇ ನನ್ನ ಜಗಳ.

ಯಾಕೆ ಮಾಡಿಸಿಕೊಂಡೆ

ಆಗ ನನ್ನ ತೂಕ 128 ಕೆಜಿ, ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯೇ ಬಿಎಂಐ. ನನ್ನದು 45. ಶುಗರ್ ಇತ್ತು, ಬಿಪಿ ಇತ್ತು. ಎಲ್ಲಕ್ಕಿಂತ ಕೆಟ್ಟದ್ದು ನಿದ್ದೆ. ರಾತ್ರಿ ಮಲಗಿದಾಗ ಉಸಿರು ನಿಂತು ನಿಂತು ಬರುತ್ತಿತ್ತು. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮನೆಯಾಕೆ ಪಕ್ಕದಲ್ಲಿ ಎಚ್ಚರವಿದ್ದು ನನ್ನ ಉಸಿರು ಎಣಿಸುತ್ತಿದ್ದಳು. ಹಗಲು ತೂಕಡಿಕೆ. ಒಂದು ಮಧ್ಯಾಹ್ನ ಹಾನಗಲ್ ರಸ್ತೆಯಲ್ಲಿ ಬೈಕ್ ಓಡಿಸುತ್ತಲೇ ಕಣ್ಣು ಮುಚ್ಚಿತು. ಎಚ್ಚರವಾದಾಗ ಬೈಕ್ ಮೆಕ್ಕೆಜೋಳದ ಹೊಲದಲ್ಲಿತ್ತು. ಆ ದಿನ ಬದುಕಿದ್ದು ಪುಣ್ಯ.

ಕಾಕಾ ಹೇಳುವ ಎರಡು ರೊಟ್ಟಿ ನಾನು ಬಿಟ್ಟಿರಲಿಲ್ಲವೇ? ಬಿಟ್ಟಿದ್ದೆ. ಒಂದು ವರ್ಷ ರಾತ್ರಿ ಊಟವನ್ನೇ ಬಿಟ್ಟಿದ್ದೆ. ಬೆಳಿಗ್ಗೆ ಐದಕ್ಕೆದ್ದು ಕೆರೆ ಏರಿ ಮೇಲೆ ನಡೆದಿದ್ದೆ. 14 ಕೆಜಿ ಇಳಿಯಿತು, ಮರುವರ್ಷ 17 ಕೆಜಿ ಏರಿತು. ಇದು ಬರೀ ಮನಸ್ಸಿನ ದೌರ್ಬಲ್ಯವಲ್ಲ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದೇ ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಶಕ್ತಿ ಖರ್ಚು ಮಾಡುವುದನ್ನು ಕಡಿಮೆ ಮಾಡುತ್ತದೆ. ಬಹಳ ತೂಕ ಇದ್ದವರು ಪಥ್ಯವೊಂದರಿಂದಲೇ ಇಳಿಸಿ ಹಾಗೇ ಉಳಿಸಿಕೊಳ್ಳುವುದು ಕಷ್ಟ.

ಇದು ಪ್ಯಾಟಿ ಮಂದಿಯ ಕಾಯಿಲೆ ಅನ್ನುವವರಿಗೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲೇ 100 ಹೆಂಗಸರಲ್ಲಿ ಸುಮಾರು 20 ಜನರ ತೂಕ ಹೆಚ್ಚು. ನಮ್ಮ ಕೂಲಿಯ ಕೆಲಸ ಯಂತ್ರಕ್ಕೆ ಹೋಯಿತು, ನಡಿಗೆ ಬೈಕಿಗೆ ಹೋಯಿತು. ಊಟದಲ್ಲಿ ಕಾಳು ಕಡಿಮೆಯಾಗಿ ಪಡಿತರದ ಅಕ್ಕಿ, ಪಾಮ್ ಎಣ್ಣೆ ಹೆಚ್ಚಾಯಿತು. ಹೊಟ್ಟೆ ಹಳ್ಳಿಗೂ ಬಂತು.

ಅದು ಏನು, ಏನಲ್ಲ

2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. "ನೀನೂ ಅದನ್ನೇ ಮಾಡಿಸ್ಕೊಂಡ್ಯಾ?" ಎಂದು ನನ್ನನ್ನು ಕೇಳದವರಿಲ್ಲ. ಅದಲ್ಲ. ಚರ್ಮದ ಕೆಳಗಿನ ಕೊಬ್ಬು ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ನನಗೆ ಆಗಿದ್ದು ಬೇರಿಯಾಟ್ರಿಕ್ ಸರ್ಜರಿ, ಅಂದರೆ ಜಠರದ ಆಪರೇಷನ್. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆ ಉಳಿಸುತ್ತಾರೆ. ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ಹುಟ್ಟುವುದು ತೆಗೆದ ಆ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತದೆ. ಬೈಪಾಸ್ ಎಂಬುದರಲ್ಲಿ ಜಠರದ ಸಣ್ಣ ಚೀಲವೊಂದನ್ನು ಮಾಡಿ, ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ನನ್ನದು ಸ್ಲೀವ್. ತೆಗೆದ ಭಾಗವನ್ನು ಮತ್ತೆ ಹಚ್ಚಲು ಆಗುವುದಿಲ್ಲ. ಈ ಮಾತು ನೆನಪಿಡಿ.

ಕೆಲಸ ಆಯಿತೇ? ಆಯಿತು. ಒಂದೂವರೆ ವರ್ಷದಲ್ಲಿ 84 ಕೆಜಿಗೆ ಬಂದೆ. ಈಗ 88. ಶುಗರ್ ಗುಳಿಗೆ ನಿಂತಿದೆ. ರಾತ್ರಿ ಮನೆಯಾಕೆ ನಿದ್ದೆ ಮಾಡುತ್ತಾಳೆ. ಆ ಆಪರೇಷನ್ ನನ್ನ ಜೀವ ಉಳಿಸಿದೆ ಎಂದೇ ನಂಬುತ್ತೇನೆ. ಆದ್ದರಿಂದ ಇದು ಆಪರೇಷನ್ ವಿರುದ್ಧದ ಲೇಖನವಲ್ಲ. ಮಾರಿ ಕೈ ತೊಳೆದುಕೊಳ್ಳುವವರ ವಿರುದ್ಧದ್ದು.

ಮಾರುವಾಗ ಇದ್ದವರು ಆಮೇಲೆ ಎಲ್ಲಿ?

ನಾನು ಹೋದ ನಗರದ ಆಸ್ಪತ್ರೆಯಲ್ಲಿ ಡಾಕ್ಟರರ ಜೊತೆ ಕೂತದ್ದು ಹತ್ತು ನಿಮಿಷ, ಕಂತಿನ ಹುಡುಗನ ಜೊತೆ ಕೂತದ್ದು ಮುಕ್ಕಾಲು ತಾಸು. ಸ್ಟ್ರಿಂಗರ್‌ನ ಗಳಿಕೆ ನಿಮಗೆ ಗೊತ್ತು. ಸುದ್ದಿ ಅಚ್ಚಾದರೆ ಕಾಸು, ಇಲ್ಲದಿದ್ದರೆ ಇಲ್ಲ. ಮನೆಯಾಕೆಯ ಬಂಗಾರ ಅಡವಿಟ್ಟೆ, ಸೊಸೈಟಿಯಲ್ಲಿ ಸಾಲ ಮಾಡಿದೆ. ಆರೋಗ್ಯ ವಿಮೆ ಇದೆಯೇ ಎಂದು ಆ ಹುಡುಗ ಕೇಳಲೇ ಇಲ್ಲ. ನನಗಂತೂ ಇರಲಿಲ್ಲ. ಇದ್ದವರಿಗೆ ಹೇಳುತ್ತೇನೆ: ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ವೈದ್ಯರ ಸಲಹೆ ಇದ್ದು, ವಯಸ್ಸು 18 ದಾಟಿ, ಬೇರೆ ದಾರಿ ಫಲಿಸದೆ, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ, ಹೃದಯದ ಕಾಯಿಲೆಯಂಥವುಗಳ ಜೊತೆ 35 ಅಥವಾ ಹೆಚ್ಚಿದ್ದರೆ, "ಇದು ಬೊಜ್ಜಿನ ಚಿಕಿತ್ಸೆ" ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಪಾಲಿಸಿಯ ಕಾಯುವ ಅವಧಿ ಬೇರೆ ಇರುತ್ತದೆ. ಕಾಗದ ಓದಿ.

ಬಿಡುಗಡೆ ದಿನ ಕೈಗೆ ಕೊಟ್ಟದ್ದು ಇಂಗ್ಲಿಷಿನ ಊಟದ ಪಟ್ಟಿ. ಅದರಲ್ಲಿ ಬ್ರೊಕೊಲಿ, ತೋಫು, ಸಾಲ್ಮನ್ ಮೀನು. ನಮ್ಮ ಊರ ಸಂತೆಯಲ್ಲಿ ಸಾಲ್ಮನ್ ಕೇಳಿದರೆ ಯಾರ ಮಗ ಎಂದು ಕೇಳುತ್ತಾರೆ! ಬೇಳೆ ಕಟ್ಟು, ತಿಳಿ ಮಜ್ಜಿಗೆ, ಮೊಟ್ಟೆ, ಮೊಳಕೆ ಹೆಸರುಕಾಳು, ಮೊಸರು, ಶೇಂಗಾ ಎಂದು ಕನ್ನಡದಲ್ಲಿ ಬರೆಯಲು ಎಷ್ಟು ಶಾಯಿ ಬೇಕಿತ್ತು?

ಇಪ್ಪತ್ತನೇ ದಿನ ತಾಲೂಕು ಕಚೇರಿ ಎದುರು ಬೆವರಿ ಬಿದ್ದೆ. ತಿನ್ನುವುದು ನಾಲ್ಕು ಚಮಚ ಗಂಜಿಯಾಗಿತ್ತು, ಶುಗರ್ ಗುಳಿಗೆ ಮಾತ್ರ ಹಳೆಯ ಲೆಕ್ಕದಲ್ಲೇ ನುಂಗುತ್ತಿದ್ದೆ. ಸಕ್ಕರೆ ಅಂಶ ಪಾತಾಳಕ್ಕೆ ಇಳಿದಿತ್ತು. ತಪ್ಪು ನನ್ನದೂ ಇದೆ, ಕೇಳಬೇಕಿತ್ತು. ಆದರೆ ಈ ಆಪರೇಷನ್ ಆದ ಮೇಲೆ ಶುಗರ್, ಬಿಪಿ ಔಷಧದ ಪ್ರಮಾಣ ಬೇಗ ಬದಲಾಗುತ್ತದೆ ಎಂಬ ಒಂದು ವಾಕ್ಯವನ್ನು ನನ್ನ ಎದುರು ಯಾರೂ ಹೇಳಿರಲಿಲ್ಲ.

ನಾಲ್ಕನೇ ತಿಂಗಳಿಗೆ ಕೂದಲು ಕೈತುಂಬ ಬರತೊಡಗಿತು. ವರ್ಷದ ಹೊತ್ತಿಗೆ ಪಾದದಲ್ಲಿ ಇರುವೆ ಹರಿದಂತೆ ಜುಮು ಜುಮು. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಜಠರ ಸಣ್ಣದಾದರೆ ಬಿ12, ಕಬ್ಬಿಣಾಂಶ ಹೀರುವುದೂ ಕಡಿಮೆಯಾಗುತ್ತದೆ. ಅವುಗಳ ಜೊತೆ ಕ್ಯಾಲ್ಸಿಯಂ, ಡಿ ವಿಟಮಿನ್ ಕೂಡ ಜೀವನಪೂರ್ತಿ ತೆಗೆದುಕೊಳ್ಳಬೇಕು. ಆರು ತಿಂಗಳಿಗೋ ವರ್ಷಕ್ಕೋ ರಕ್ತ ಪರೀಕ್ಷೆ ಆಗಲೇಬೇಕು. ಇದನ್ನು ಹೇಳಲು ನಗರದ ಆಸ್ಪತ್ರೆಗೆ ಫೋನ್ ಹಚ್ಚಿದರೆ "ಬಂದು ಹೋಗಿ" ಅಂದರು. ಬಂದು ಹೋಗುವುದೆಂದರೆ ಒಂದು ದಿನದ ದುಡಿಮೆ ಮತ್ತು ಬಸ್ ಚಾರ್ಜು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರೆ ಅಲ್ಲಿನ ಯುವ ವೈದ್ಯರು ಪ್ರಾಮಾಣಿಕವಾಗಿ ಹೇಳಿದರು: "ನಿಮ್ಮಂಥ ಪೇಷಂಟ್‌ನ ನಾನು ಇದೇ ಮೊದಲು ನೋಡ್ತಿರೋದು." ಅವರ ಮೇಲೆ ನನಗೆ ಸಿಟ್ಟಿಲ್ಲ. ಕೂತು ಓದಿ, ಇಂಜೆಕ್ಷನ್ ಬರೆದು, ನನ್ನ ಕಾಲು ಉಳಿಸಿದವರು ಅವರೇ.

ಪಂಕ್ತಿಯಲ್ಲಿ ಕೂತಾಗ

ಇನ್ನು ನಮ್ಮ ಜನ. ಮದುವೆ ಪಂಕ್ತಿಯಲ್ಲಿ ಎಲೆ ತುಂಬ ಬಡಿಸುತ್ತಾರೆ. ನನಗೆ ಇಳಿಯುವುದು ಒಂದು ಬಟ್ಟಲು. ಮೊದಲು ಕಾಳು ಪಲ್ಯ, ಮೊಸರು, ಆಮೇಲೆ ಜಾಗ ಇದ್ದರೆ ಅರ್ಧ ರೊಟ್ಟಿ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ. ಎಲೆ ಬಿಟ್ಟು ಎದ್ದರೆ "ನಮ್ಮ ಮನಿ ಊಟ ಸೇರಲಿಲ್ಲೇನು?" ಎಂದು ಬೀಗರ ಮುಖ ಸಣ್ಣದಾಗುತ್ತದೆ. ನನ್ನ ಅವ್ವ ಹೋಳಿಗೆ ಮಾಡಿ, ನಾನು ಕಾಲು ಭಾಗ ತಿಂದು ಇಟ್ಟಿದ್ದಕ್ಕೆ ಅಡುಗೆಮನೆಯಲ್ಲಿ ಅತ್ತಿದ್ದಾಳೆ. ಉಣಿಸುವುದೇ ಪ್ರೀತಿ ಎಂದು ಬೆಳೆದವಳು. ಅವಳಿಗೆ ಯಾರು ತಿಳಿಸಿ ಹೇಳಬೇಕಿತ್ತು?

ತೂಕ ಇಳಿದಾಗ ಇನ್ನೊಂದು ಪಿಸುಮಾತು: "ಏನೋ ದೊಡ್ಡ ರೋಗ ಐತಂತ." ದಪ್ಪಗಿದ್ದಾಗ ಹಾಸ್ಯ, ಸಣ್ಣಗಾದರೆ ಅನುಮಾನ. ಜೋತುಬಿದ್ದ ಹೊಟ್ಟೆಯ ಚರ್ಮ ಮುಚ್ಚಿಕೊಳ್ಳಲು ಈಗಲೂ ಬನಿಯನ್ ತೆಗೆಯದೆ ಹೊಳೆಗೆ ಇಳಿಯುತ್ತೇನೆ.

ಸುಲಭದ ದಾರಿ ಅನ್ನುವವರು ಒಂದು ತಿಂಗಳು ಹೀಗೆ ಉಂಡು ತೋರಿಸಲಿ.

ಒಂದು ಫೋನ್ ಕರೆ

ಇದನ್ನೆಲ್ಲ ಬರೆಯಲು ಕೂತದ್ದು ಹಿರೇಕೆರೂರು ಕಡೆಯ ತಾಯಿಯೊಬ್ಬರ ಫೋನಿನಿಂದ. ಯಾರದೋ ಕಡೆಯಿಂದ ನನ್ನ ನಂಬರ್ ಸಿಕ್ಕಿತ್ತು. "ಅಣ್ಣಾರ, ನನ್ನ ಮಗಳಿಗೆ ಆ ಆಪರೇಷನ್ ಮಾಡಿಸಬೇಕ್ರಿ. ನಾಕು ತಿಂಗಳಿಗೆ ಲಗ್ನ. ಹುಡುಗನ ಮನಿಯವರು ದಪ್ಪ ಅದಾಳ ಅಂದ್ರು." ಹುಡುಗಿ 64 ಕೆಜಿ, 157 ಸೆಂಟಿಮೀಟರ್. ಲೆಕ್ಕ ಹಾಕಿದೆ: ಬಿಎಂಐ 26. ಶುಗರ್ ಇಲ್ಲ, ಬಿಪಿ ಇಲ್ಲ. ನಮ್ಮ ದೇಶದ ಶಸ್ತ್ರಚಿಕಿತ್ಸಕರು ಬಹುಕಾಲ ಪಾಲಿಸಿದ ಮಿತಿ 37.5, ಜೊತೆಗೆ ಕಾಯಿಲೆ ಇದ್ದರೆ 32.5. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ ಅದನ್ನು 27.5ಕ್ಕೆ ಇಳಿಸಿದವು. ಯಾವ ಲೆಕ್ಕದಲ್ಲೂ ಈ ಹುಡುಗಿ ಬರುವುದಿಲ್ಲ. ಫಲಕದ ನಂಬರಿಗೆ ಫೋನ್ ಮಾಡಿದಾಗ ಮಾತ್ರ "ಕರ್ಕೊಂಡು ಬನ್ನಿ, ಪ್ಯಾಕೇಜ್ ಮಾಡಿಕೊಡೋಣ" ಅಂದರಂತೆ.

ಆಪರೇಷನ್ ಆದ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಎಂದು ವೈದ್ಯರು ಹೇಳುತ್ತಾರೆ. ಲಗ್ನವಾದ ಮೂರನೇ ತಿಂಗಳಿಗೆ "ಏನೂ ವಿಶೇಷ ಇಲ್ಲೇನು?" ಎಂದು ಕೇಳುವ ನಮ್ಮ ಊರುಗಳಲ್ಲಿ ಆ ಹುಡುಗಿ ಏನು ಹೇಳಬೇಕು? ರೋಗಕ್ಕೆ ಇರುವ ಆಪರೇಷನ್ ಇದು. ಗಂಡಿನ ಮನೆಯವರ ಕಣ್ಣಿಗೆ ಹಚ್ಚುವ ಮುಲಾಮಲ್ಲ.

ನನ್ನ ಬೇಡಿಕೆ

ಆಸ್ಪತ್ರೆಗಳಿಗೆ: ಹಳ್ಳಿಗೆ ಬಂದು ಫಲಕ ಹಾಕುವುದಾದರೆ ಹಳ್ಳಿಗೆ ಬಂದು ರಕ್ತ ಪರೀಕ್ಷೆಯನ್ನೂ ಮಾಡಿ. ಊಟದ ಪಟ್ಟಿ ಕನ್ನಡದಲ್ಲಿ, ಜೋಳದ ರೊಟ್ಟಿಯ ಭಾಷೆಯಲ್ಲಿ ಕೊಡಿ. ಮುಂದಿನ ಐದು ವರ್ಷದ ಗುಳಿಗೆ, ಪರೀಕ್ಷೆಯ ಖರ್ಚನ್ನು ಸಹಿ ಹಾಕಿಸುವ ಮೊದಲೇ ಹೇಳಿ.

ಸರ್ಕಾರಕ್ಕೆ: ತಾಲೂಕು ಆಸ್ಪತ್ರೆಗಳಲ್ಲಿ ಶುಗರ್, ಬಿಪಿ ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಿವೆ. ಅದೇ ಪುಸ್ತಕದಲ್ಲಿ ನಮ್ಮ ಹೆಸರೂ ಬರೆದುಕೊಳ್ಳಿ. ಬಿ12, ಕಬ್ಬಿಣಾಂಶದ ಪರೀಕ್ಷೆ, ಇಂಜೆಕ್ಷನ್ ಅಲ್ಲೇ ಸಿಗಲಿ. ಅಲ್ಲಿನ ವೈದ್ಯರಿಗೆ ನಮ್ಮಂಥವರನ್ನು ನೋಡಲು ಒಂದು ದಿನದ ತರಬೇತಿ ಕೊಡಿ.

ಓದುವ ನಿಮಗೆ: ಸಹಿ ಹಾಕುವ ಮೊದಲು ಐದು ಪ್ರಶ್ನೆ ಕೇಳಿ.

1. ನನಗೆ ಇದು ನಿಜವಾಗಿ ಬೇಕೇ? ನನ್ನ ಬಿಎಂಐ, ಕಾಯಿಲೆ ಯಾವ ಮಿತಿಯಲ್ಲಿವೆ?
2. ಸ್ಲೀವೋ, ಬೈಪಾಸೋ? ನನಗೆ ಯಾಕೆ ಅದೇ?
3. ಈಗ ನುಂಗುವ ಗುಳಿಗೆಗಳನ್ನು ಯಾವ ದಿನದಿಂದ, ಎಷ್ಟು ಬದಲಿಸಬೇಕು?
4. ಜೀವನಪೂರ್ತಿಯ ಗುಳಿಗೆ, ಪರೀಕ್ಷೆಗೆ ವರ್ಷಕ್ಕೆ ಎಷ್ಟು ಖರ್ಚು?
5. ರಾತ್ರಿ ಹನ್ನೊಂದಕ್ಕೆ ವಾಂತಿ ನಿಲ್ಲದಿದ್ದರೆ ಯಾರು ಫೋನ್ ಎತ್ತುತ್ತಾರೆ?

ಐದನೆಯದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಈ ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಿ ನರ, ಮಿದುಳಿಗೆ ಪೆಟ್ಟು ಬೀಳಬಹುದು. ಮನೆಮದ್ದಿನಲ್ಲಿ ಕಾಲ ಕಳೆಯುವಂತಿಲ್ಲ.

ಆ ತಾಯಿಗೂ ಈ ಪ್ರಶ್ನೆಗಳನ್ನು ಹೇಳಿದೆ. ಮೊದಲನೆಯದಕ್ಕೇ ಅವರು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಂಗಾರ ಹುಡುಗನ ಮನಿಯವರಿಗೆ ಏನಂತ ಹೇಳ್ಲಿ?"

"ನಿಮ್ಮ ಹುಡುಗನ್ನೂ ಒಂದ್ಸಲ ತಕ್ಕಡಿ ಮ್ಯಾಲೆ ನಿಲ್ಲಿಸ್ರಿ ಅಂತ ಹೇಳ್ರಿ ಅಕ್ಕಾರ" ಅಂದೆ. ಆಕೆ ನಕ್ಕರು. ಮಗಳೂ ಪಕ್ಕದಲ್ಲೇ ಇದ್ದಳೆಂದು ಕಾಣುತ್ತದೆ, ಅವಳ ನಗುವೂ ಕೇಳಿಸಿತು.