ನಗಿಸುವವನು ಹಾಡಬಾರದೇ?

‘ಟೀವಿಗೆ ಹೋದ, ಕೆಟ್ಟ’ ಎಂಬ ತೀರ್ಪನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಎಷ್ಟು ಸಲೀಸಾಗಿ ಕೊಟ್ಟುಬಿಡುತ್ತೇವೆ! ಹಾಡುಗಳ ಸಾಹಿತ್ಯವನ್ನೇ ಸಂಶೋಧನೆಗೆ ಆರಿಸಿಕೊಂಡಿರುವ ನನಗೆ ಈ ಮಾತು ಬರೀ ಸೋಮಾರಿತನ ಅನ್ನಿಸುತ್ತದೆ. ಜರ್ಮನಿಯ ಓಲಿ ಶುಲ್ಟ್ಸ್ ಅವರನ್ನು ನೋಡಿ.

1973ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಶುಲ್ಟ್ಸ್ ತಾವೇ ಬರೆದು ತಾವೇ ಹಾಡುವವರು. ದೊಡ್ಡ ಕಂಪನಿಗಳ ಹಂಗಿಲ್ಲದ ‘ಇಂಡೀ’ ವಲಯದಿಂದ ಬಂದವರು. 2013ರಿಂದ ಪ್ರೋಜೀಬನ್ ವಾಹಿನಿಯ ‘ಸರ್ಕಸ್ ಹಾಲಿಗಾಲಿ’ಯಲ್ಲಿ ತರಲೆ ಮಾಡುತ್ತ ಮನೆಮಾತಾದರು. 2016ರಲ್ಲಿ ಯಾನ್ ಬೋಮರ್‌ಮನ್ ಜೊತೆ ಹರಟೆಯ ಕಾರ್ಯಕ್ರಮವನ್ನೂ ನಡೆಸಿದರು. ಇಷ್ಟಾದ ಮೇಲೆ ಅವರ ಹಾಡು ಹಗುರಾಯಿತು ಎನ್ನಬೇಕೇ?

ಹಾಗೆನ್ನುವವರು 2003ರ ಅವರ ಮೊದಲ ಆಲ್ಬಮ್ಮಿನ ಹೆಸರನ್ನಾದರೂ ಓದಲಿ. ನನ್ನ ಹೃದಯ ಮುರಿದರೆ ನಿನ್ನ ಕಾಲು ಮುರಿಯುತ್ತೇನೆ ಎಂಬುದು ಅದರ ಅರ್ಥ. ಆಗಿನ ತಂಡದ ಹೆಸರಿನಲ್ಲಿ ‘ಮರೀ ಎಂಬ ನಾಯಿ’ಯೂ ಇತ್ತು, ಆ ನಾಯಿ ಮಾಕ್ಸ್ ಶ್ರೋಡರ್ ಎಂಬ ಸಂಗೀತಗಾರ! ನೋವು, ತಮಾಷೆ ಎರಡೂ ಅಲ್ಲಿ ಒಂದೇ ಉಸಿರಿನಲ್ಲಿವೆ. ಟೀವಿ ಅವರಿಗೆ ನಗುವನ್ನು ಅಂಟಿಸಲಿಲ್ಲ, ಮೊದಲೇ ಇದ್ದ ನಗುವಿಗೆ ಇನ್ನೊಂದು ವೇದಿಕೆ ಕೊಟ್ಟಿತು, ಅಷ್ಟೆ.

ನಿಜವಾದ ರೋಗ ಬೇರೆ ಕಡೆ ಇದೆ. ಜರ್ಮನಿಯಲ್ಲಿ ಸಂಗೀತವನ್ನು ‘ಗಂಭೀರ’ ಮತ್ತು ‘ಮನರಂಜನೆ’ ಎಂದು ಎರಡು ಪಂಕ್ತಿಯಲ್ಲಿ ಕೂರಿಸುವ ಹಳೆಯ ರೂಢಿಯಿದೆ. ಸಂಗೀತಗಾರರಿಗೆ ಗೌರವಧನ ಹಂಚುವ ಗೇಮಾ ಸಂಸ್ಥೆಯ ಲೆಕ್ಕದಲ್ಲೂ ಈ ಪಂಕ್ತಿಭೇದ ದಶಕಗಳ ಕಾಲ ನಡೆದಿದೆ. ಹಾಡನ್ನು ಕೇಳುವ ಮೊದಲೇ ಅದರ ಜಾತಿ ಗೊತ್ತುಮಾಡುವ ಈ ವ್ಯವಸ್ಥೆಯನ್ನು ವಿಮರ್ಶೆ ಎಂದು ಒಪ್ಪಲಾರೆ.

ಟೀವಿ ನೋಡಿ ಬಂದವರು ಬೇಸರದ ಹಾಡಿಗೂ ನಗುತ್ತಾರಲ್ಲ ಎಂಬ ಆಕ್ಷೇಪವಿದೆ. ಇರಬಹುದು. ಆದರೆ ಅದು ಕೇಳುಗರ ಕಿವಿಯ ದೋಷ. ಅದಕ್ಕೆ ಹಾಡುಗಾರ ಯಾಕೆ ದಂಡ ತೆರಬೇಕು? ಶುಲ್ಟ್ಸ್ ಅಂತೂ ಹಾಡು ಬಿಟ್ಟಿಲ್ಲ. ಟೀವಿಯ ಭರಾಟೆಯ ನಡುವೆಯೇ 2015ರಲ್ಲಿ, ಆಮೇಲೆ 2018ರಲ್ಲಿ, ಮತ್ತೆ 2024ರಲ್ಲಿ ಆಲ್ಬಮ್ ತಂದಿದ್ದಾರೆ. ಕೆಟ್ಟ ಹಾಡಿದ್ದರೆ ಅದರ ಸಾಲನ್ನು, ರಾಗವನ್ನು ಎತ್ತಿ ತೋರಿಸಿ ಬೈಯಿರಿ, ಯಾರ ಅಡ್ಡಿಯೂ ಇಲ್ಲ. ಹಾಡಿದವನು ನಿನ್ನೆ ಟೀವಿಯಲ್ಲಿ ಕೋಡಂಗಿಯಾಗಿದ್ದ ಎಂಬುದು ಹಾಡಿನ ಮೇಲಿನ ಟೀಕೆಯಲ್ಲ, ಬರೀ ಚಾಡಿ.

ನಗದೇ ಇರುವುದೇ ಆಳ ಎಂದು ನಂಬಿದವರ ಕೈಗೆ ಸಿಲುಕಿ ಸಾಹಿತ್ಯ ಸೊರಗಿದ್ದೇ ಹೆಚ್ಚು. ಮೊದಲು ಹಾಡು ಕೇಳೋಣ, ತೀರ್ಪು ಆಮೇಲಿರಲಿ.