ಸೋಗಾನೆಗೊಂದು ಬಸ್ಸು ಬಿಡಿ

ಚಿತ್ರದುರ್ಗ ಜಿಲ್ಲೆಗೆ ವಿಮಾನ ನಿಲ್ದಾಣವಿಲ್ಲ ಎನ್ನುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ರನ್‌ವೇ ಇದೆ, ಟಿಕೆಟ್ ಕೊಡುವವರಿಲ್ಲ. ಚಳ್ಳಕೆರೆ ಸೀಮೆಯ ಕಾವಲು ಭೂಮಿಯಲ್ಲಿ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ಇಲ್ಲಿ ಮೂರು ಸಲ ಇಳಿದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರೆ, ಒಳಗೆ ನರಪಿಳ್ಳೆಯೂ ಇಲ್ಲದ ಆ ವಾಹನ ತನ್ನ ದಾರಿ ತಾನೇ ನೋಡಿಕೊಂಡು ಬಂದು ನೆಲ ಮುಟ್ಟುತ್ತದೆ. ಕೊನೆಯ ಸಲ ಇಳಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಇನ್ನು ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯವರು ವಿಮಾನವನ್ನು ಇನ್ನೂ ಹತ್ತಿರದಿಂದ ಕಂಡವರು. 2023ರ ಆಗಸ್ಟ್ 20ರಂದು ಪರೀಕ್ಷೆಗೆಂದು ಹಾರಿದ್ದ 'ತಪಸ್' ಡ್ರೋನ್ ಅವರ ಹೊಲದಲ್ಲೇ ಬಿದ್ದಿತ್ತು.

ಕುರಿ ದನ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿತ್ತು, ಆ ಬೇಲಿಯೊಳಗೆ ದೇಶದ ಹೆಮ್ಮೆ ಇಳಿಯಿತು. ಅಷ್ಟೆಲ್ಲ ಆದರೂ ಭೀಮಸಮುದ್ರದ ಅಡಿಕೆ ವರ್ತಕನೊಬ್ಬ ಹೈದರಾಬಾದಿಗೋ ಚೆನ್ನೈಗೋ ಹಾರಬೇಕೆಂದರೆ ಮೊದಲು ಕಾರು ಮಾಡಿಕೊಂಡು ಬೆಂಗಳೂರಿನ ಕಡೆ ಇನ್ನೂರು ಕಿಲೋಮೀಟರ್ ಹೋಗಬೇಕು. ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವ ದಾರಿ ದುರ್ಗದ ಟ್ಯಾಕ್ಸಿ ಡ್ರೈವರುಗಳಿಗೆ ಬಾಯಿಪಾಠ. ಬೆಳಗಿನ ಆರರ ವಿಮಾನಕ್ಕೆ ರಾತ್ರಿ ಹನ್ನೊಂದಕ್ಕೇ ಮನೆ ಬಿಡಬೇಕು. ಕಾರು ಖಾಲಿ ವಾಪಸು ಬರುತ್ತದಲ್ಲ, ಅದರ ಬಾಡಿಗೆಯೂ ನಮ್ಮ ಮೇಲೆಯೇ. ಬೇರೆ ದಾರಿ ಎಂದು ಹುಬ್ಬಳ್ಳಿ ಕಡೆ ಮುಖ ಮಾಡಿದರೆ ಅದೂ ಇನ್ನೂರರ ಆಸುಪಾಸೇ. ಹೀಗೆ ಎರಡಕ್ಕೂ ಸಮದೂರದಲ್ಲಿ ಕೂತವರು ನಾವು.

ಅದಕ್ಕೇ ನಮಗೂ ಒಂದು ವಿಮಾನ ನಿಲ್ದಾಣ ಬೇಕು ಎಂಬ ಮಾತು ಹೋಟೆಲಿನ ಟೇಬಲ್ಲುಗಳಲ್ಲಿ ಆಗಾಗ ಏಳುತ್ತದೆ. ಪಕ್ಕದ ದಾವಣಗೆರೆಯವರೂ ಬಹುಕಾಲದಿಂದ ಇದನ್ನೇ ಕೇಳುತ್ತಿದ್ದಾರೆ. ನಾನಂತೂ ಈ ಬೇಡಿಕೆಗೆ ಕೈ ಎತ್ತುವುದಿಲ್ಲ. ಕಾರಣ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿದೆ.

ಅಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು, ಯಡಿಯೂರಪ್ಪನವರ ಎಂಬತ್ತನೇ ಹುಟ್ಟುಹಬ್ಬದ ದಿನವೇ ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ವಿಮಾನ ಬಂದು ಇಳಿದದ್ದು ಆಗಸ್ಟ್ 31ಕ್ಕೆ. ನವೆಂಬರಿನಲ್ಲಿ ಹೈದರಾಬಾದ್, ತಿರುಪತಿ, ಗೋವಾ ಸೇರಿಕೊಂಡವು; ಮರುವರ್ಷ ಚೆನ್ನೈ. ದೊಡ್ಡ ವಿಮಾನಗಳೂ ಇಳಿಯುವಷ್ಟು ಉದ್ದದ ರನ್‌ವೇ, ಗಂಟೆಗೆ 300 ಪ್ರಯಾಣಿಕರನ್ನು ಸಂಭಾಳಿಸಬಲ್ಲ ಟರ್ಮಿನಲ್. ನಡೆಸುವುದು ಕೇಂದ್ರದ ಪ್ರಾಧಿಕಾರವಲ್ಲ, ರಾಜ್ಯ ಸರ್ಕಾರವೇ.

ಸಣ್ಣ ನಿಲ್ದಾಣದಿಂದ ಹಾರುವ ಸುಖ ದೇವನಹಳ್ಳಿ ಕಂಡವರಿಗಷ್ಟೇ ಗೊತ್ತಾಗುವಂಥದ್ದು. ಕಾರಿನಿಂದ ಇಳಿದರೆ ಎದುರಿಗೇ ಬಾಗಿಲು. ಸಾಮಾನು ಕೊಟ್ಟು, ತಪಾಸಣೆ ಮುಗಿಸಿ ಕೂತರೆ ಗಾಜಿನಾಚೆ ನಮ್ಮ ವಿಮಾನ ನಿಲ್ಲುವ ಜಾಗವೇ ಕಾಣುತ್ತದೆ. ಗೇಟು ಬದಲಾಯಿತು ಎಂದು ಮೈಲಿಗಟ್ಟಲೆ ಓಡುವಂತಿಲ್ಲ. ಒಮ್ಮೆ ನಮ್ಮ ಜೊತೆ ಸೋಗಾನೆಗೆ ಬಂದಿದ್ದ ದೊಡ್ಡಮ್ಮ ಮೊಣಕಾಲು ನೀವಿಕೊಳ್ಳುತ್ತ, "ಮುಗೀತೇನೋ ಇಷ್ಟಕ್ಕೇ? ಬೆಂಗಳೂರಾಗೆ ನಡೆಸಿ ನಡೆಸಿ ಸಾಕು ಮಾಡಿದ್ರಪ್ಪ" ಎಂದರು. ಸೋಗಾನೆಯಿಂದ ಹಾರುವ ಎಟಿಆರ್ ವಿಮಾನಗಳಿಗೆ ಫ್ಯಾನಿನಂತೆ ತಿರುಗುವ ರೆಕ್ಕೆಗಳು. ಮುಂಭಾಗದಲ್ಲಿ ಸರಕು, ಜನ ಹತ್ತುವುದು ಹಳೆಯ ಕೆಂಪು ಬಸ್ಸಿನ ಹಾಗೆ ಹಿಂದಿನ ಬಾಗಿಲಿನಿಂದ. ಬಹಳ ಎತ್ತರಕ್ಕೆ ಏರುವುದಿಲ್ಲವಾದ್ದರಿಂದ ಕಿಟಕಿ ಪಕ್ಕ ಕೂತವರಿಗೆ ಕೆರೆ, ತೋಟ, ಗದ್ದೆ ಎಲ್ಲ ಕಾಣುತ್ತವೆ.

ಆದರೆ ಸಣ್ಣದಕ್ಕೆ ಅದರದೇ ಕಷ್ಟಗಳೂ ಇವೆ. ದಿನಕ್ಕೆ ಬೆರಳೆಣಿಕೆಯಷ್ಟು ವಿಮಾನಗಳು. ಒಂದು ರದ್ದಾದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂದು ಕಾಯುವಂತಿಲ್ಲ. ರಾತ್ರಿ ಇಳಿಯುವ ವ್ಯವಸ್ಥೆ ಇಲ್ಲದೆಯೇ ಈ ನಿಲ್ದಾಣ ಶುರುವಾಯಿತು. ಮಲೆನಾಡಿನ ಮಂಜು ಮೋಡಕ್ಕೆ ಇಳಿಯಲಾಗದೆ ವಿಮಾನ ಬೇರೆ ಊರಿಗೆ ತಿರುಗಿದ್ದೂ ಉಂಟು. ಸೋಗಾನೆಯಲ್ಲಿ ಇಳಿಸಿಕೊಳ್ಳಲು ಕಾರು ಕಳಿಸಿ, ಬರಬೇಕಾದವರು ಬೆಂಗಳೂರಿನಲ್ಲಿ ಇಳಿದರೆ ಆ ಮನೆಯವರ ಗತಿ ಏನು!

ಈಗ ನಮ್ಮ ಲೆಕ್ಕಕ್ಕೆ ಬರೋಣ. ಹೊಳಲ್ಕೆರೆಯಿಂದ ಸೋಗಾನೆ ಎಂಬತ್ತು ಕಿಲೋಮೀಟರ್ ಆಚೀಚೆ. ಚಿತ್ರದುರ್ಗದಿಂದ ನೂರಹತ್ತರ ಆಸುಪಾಸು. ಸೊಲ್ಲಾಪುರ–ಮಂಗಳೂರು ಹೆದ್ದಾರಿ ಎಂದು ಹಿಂದಿನಿಂದ ಕರೆಯುತ್ತ ಬಂದ ರಸ್ತೆಯದು. ಹೊಸದುರ್ಗದವರಿಗೆ ಅಜ್ಜಂಪುರ, ತರೀಕೆರೆ ಮೇಲೆ ದಾರಿ ಇದೆ. ಈ ಮೂರೂ ಊರುಗಳಿಗೆ ಸೋಗಾನೆ ದೇವನಹಳ್ಳಿಯ ಅರ್ಧ ದೂರ. ಹಿರಿಯೂರಿನ ಮಾತು ಬೇರೆ. ಅಲ್ಲಿಂದ ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ದೂರ, ಜೊತೆಗೆ ಮನೆ ಮುಂದೆಯೇ ಬೆಂಗಳೂರಿನ ಹೆದ್ದಾರಿ. ಹಿರಿಯೂರಿನವರು ಸೋಗಾನೆಗೆ ಹೋಗುವುದು ಬೇಡವೇ ಬೇಡ. ಹಾಗೆಯೇ ಬೆಂಗಳೂರಿಗೇ ಹೋಗಬೇಕಾದವರು ಪಶ್ಚಿಮಕ್ಕೆ ಎರಡು ಗಂಟೆ ಕಾರಿನಲ್ಲಿ ಹೋಗಿ, ಅಲ್ಲಿಂದ ಪೂರ್ವಕ್ಕೆ ಹಾರಿ, ತಮ್ಮದೇ ಜಿಲ್ಲೆಯ ನೆತ್ತಿಯ ಹತ್ತಿರ ಹಾದುಹೋಗುವುದು ತಮಾಷೆಯಾದೀತು. ನಮಗೆ ಸೋಗಾನೆ ಬೇಕಿರುವುದು ಹೈದರಾಬಾದ್, ಚೆನ್ನೈ, ತಿರುಪತಿ, ಗೋವಾಗಳಿಗೆ. ಜಿಲ್ಲೆ ಒಂದೇ ಆದರೂ ಒಂದೊಂದು ತಾಲ್ಲೂಕಿನ ವಿಮಾನ ನಿಲ್ದಾಣ ಬೇರೆ. ಪ್ರತಿ ಜಿಲ್ಲಾ ಕೇಂದ್ರಕ್ಕೂ ಒಂದೊಂದು ಎನ್ನುವವರು ಈ ಸರಳ ಭೂಗೋಳವನ್ನು ನೋಡುವುದೇ ಇಲ್ಲ.

ಕಟ್ಟಿಸಿಕೊಂಡರೂ ವಿಮಾನ ಬರುತ್ತದೆಂಬ ಖಾತ್ರಿ ಏನು? ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ 2016ರಲ್ಲಿ ಬಂದಾಗ ಒಂದು ಗಂಟೆ ಹಾರಾಟದ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿ ಎಂದು ದರ ಕಟ್ಟಿದರು. ಕಂಪನಿಗಳ ನಷ್ಟ ತುಂಬಿಕೊಡುವ ಹಣ ಮೂರು ವರ್ಷಕ್ಕೆ ಮಾತ್ರ. ಬೀದರಿನಲ್ಲಿ 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, 2023ರ ಕೊನೆಗೆ ನಿಂತಿತು, ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ. ನಮ್ಮ ಬಡಗಣದ ತೋರಣಗಲ್ಲಿನ ವಿದ್ಯಾನಗರಕ್ಕೆ 2017ರಲ್ಲಿ ಹಾರಾಟ ಆರಂಭಿಸಿದ ಟ್ರೂಜೆಟ್ 2022ರಲ್ಲಿ ತಾನೇ ಬಾಗಿಲು ಹಾಕಿತು. ಟರ್ಮಿನಲ್ಲಿಗೆ ಕಾವಲುಗಾರರು, ಅಗ್ನಿಶಾಮಕ ದಳ ವಿಮಾನ ಬಂದರೂ ಬೇಕು, ಬಾರದಿದ್ದರೂ ಬೇಕು. ಶಿವಮೊಗ್ಗದ ವಿಮಾನಗಳನ್ನು ತುಂಬಬೇಕಾದವರು ಶಿವಮೊಗ್ಗದವರಷ್ಟೇ ಅಲ್ಲ. ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗದವರೂ ಹೌದು. ನಾವು ನಮ್ಮದೇ ಒಂದನ್ನು ಕಟ್ಟಿಕೊಂಡರೆ ಅದೂ ಖಾಲಿ, ಇದೂ ಖಾಲಿ.

ಶಿರಾ ಕಡೆಗೆ ಬೆಂಗಳೂರಿನ ಎರಡನೇ ನಿಲ್ದಾಣ ಬರಲಿ ಎಂದು ಅಲ್ಲಿನ ಶಾಸಕ ಟಿ.ಬಿ. ಜಯಚಂದ್ರ ಒತ್ತಾಯಿಸಿದಾಗ ಹಿರಿಯೂರಿನಲ್ಲಿ ಆಸೆ ಚಿಗುರಿದ್ದು ಸಹಜ. ಆದರೆ 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿದ ಜಾಗಗಳು ಕನಕಪುರ ರಸ್ತೆ ಮತ್ತು ಕುಣಿಗಲ್ ರಸ್ತೆಯವು. ದೇವನಹಳ್ಳಿಯ ಸುತ್ತ 150 ಕಿಲೋಮೀಟರಿನಲ್ಲಿ 2033ರ ಮೇ ತನಕ ಹೊಸದು ಬೇಡ ಎಂಬ ಒಪ್ಪಂದವೂ ಇದೆ. ಆ ಆಸೆಯನ್ನು ಸದ್ಯಕ್ಕೆ ಮಡಿಚಿಡುವುದೇ ಲೇಸು.

ನಮಗೆ ನಿಜಕ್ಕೂ ಬಾಕಿ ಇರುವುದು ರೈಲು. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹಾಯುವ ತುಮಕೂರು–ದಾವಣಗೆರೆ ನೇರ ಮಾರ್ಗ ಮಂಜೂರಾದದ್ದು 2011-12ರಲ್ಲಿ. ಇಂದಿಗೂ ದುರ್ಗದವರು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಸುತ್ತಿ ಹೋಗಬೇಕು. ಆ ಹಳಿ ಬಿದ್ದ ದಿನ ವಿಮಾನದ ಮಾತಿನಲ್ಲಿ ಅರ್ಧ ತಾನಾಗಿಯೇ ನಿಂತುಹೋಗುತ್ತದೆ.

ಅಲ್ಲಿಯವರೆಗೆ ಬಸ್ಸಾದರೂ ಇರಲಿ. ಬೆಂಗಳೂರು ನಿಲ್ದಾಣದಿಂದ ಮೈಸೂರಿಗೆ ಫ್ಲೈಬಸ್ ಓಡಿಸಿ ಕೆಎಸ್‌ಆರ್‌ಟಿಸಿ ವರ್ಷಗಳ ಅನುಭವ ಗಳಿಸಿದೆ, 2025ರಲ್ಲಿ ದಾವಣಗೆರೆಗೂ ಶುರು ಮಾಡಿತು. ಅದೇ ಬುದ್ಧಿಯನ್ನು ಪಶ್ಚಿಮಕ್ಕೂ ತಿರುಗಿಸಲಿ. ಚಿತ್ರದುರ್ಗ ಬಿಟ್ಟು, ಹೊಳಲ್ಕೆರೆಯಲ್ಲಿ ಹೊಸದುರ್ಗದ ಕಡೆಯವರನ್ನೂ ಹತ್ತಿಸಿಕೊಂಡು, ಹೈದರಾಬಾದ್ ಮತ್ತು ಚೆನ್ನೈ ವಿಮಾನಗಳ ಹೊತ್ತಿಗೆ ಹೊಂದುವಂತೆ ಸೋಗಾನೆ ಬಾಗಿಲಿಗೇ ಹೋಗಿ ನಿಲ್ಲುವ ಒಂದು ಬಸ್ಸು ಸಾಕು. ಐಷಾರಾಮಿ ವೋಲ್ವೊ ಬೇಡ, ಸೂಟ್‌ಕೇಸ್ ಇಡಲು ಜಾಗವಿರುವ ರಾಜಹಂಸ ಬರಲಿ. ವಿಮಾನ ತಡವಾದರೆ ಬಸ್ಸೂ ಕಾಯಬೇಕು, ಅದೊಂದೇ ಷರತ್ತು. ನಮ್ಮ ಶಾಸಕರು ಮುಂದಿನ ಸಲ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕುವ ಮೊದಲು ಈ ಒಂದು ಅರ್ಜಿಯನ್ನು ಸಾರಿಗೆ ಸಚಿವರ ಕೈಗೆ ಕೊಟ್ಟು ಬರಲಿ.